ಸಿಲಿಂಡರಿನಲ್ಲಿ ಹಿಡಿಸದಷ್ಟು ಗಾಳಿ: ಪಿ0101ರ ಬೆನ್ನು ಹತ್ತಿ

ಎರಡು ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಕಾರನ್ನು ಬಹುಕಾಲದಿಂದ ಕಾಡುತ್ತಿದ್ದ ಪಿ0101 ದೋಷದ (ಎಂಜಿನ್ನಿಗೆ ಹೋಗುವ ಗಾಳಿಯ ಅಳತೆ ತಾಳೆಯಾಗುತ್ತಿಲ್ಲ ಎನ್ನುವ ಕೋಡ್) ಮೂಲ ಕೊನೆಗೂ ಸಿಕ್ಕಿದೆ. ಕೋಡ್ ಅಳಿಸಿದರೆ ಸ್ವಲ್ಪ ಕಾಲ ಸುಮ್ಮನಿದ್ದು, ಏಸಿ ಹಾಕಿಕೊಂಡು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತಾಗಲೇ ಅದು ಮರಳುತ್ತಿತ್ತು. ಸಿಗ್ನಲ್ ಬಿಟ್ಟಾಗ ಪಿಕಪ್ ಇರುತ್ತಿರಲಿಲ್ಲ, ಹಿಂದೆ ಕಪ್ಪು ಹೊಗೆ. ಹಿಂದಿನ ಮಾಲೀಕರ ಕಾಲದಲ್ಲೇ ಗ್ಯಾರೇಜೊಂದು ಏರ್‌ಫ್ಲೋ ಸೆನ್ಸರನ್ನು ಬದಲಿಸಿ ದೊಡ್ಡ ಬಿಲ್ ಮಾಡಿತ್ತು. ಫಿಲ್ಟರ್, ಹೋಸ್, ಹೊಗೆ ತುಂಬಿ ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಇವುಗಳಲ್ಲಿ ಏನೂ ಸಿಗಲಿಲ್ಲ.

ಎಂಜಿನ್ನಿನ ಹೊಗೆಯ ಒಂದು ಪಾಲನ್ನು ಮರಳಿ ಒಳಗೆ ಬಿಡುವ ಇಜಿಆರ್ ವಾಲ್ವ್ ತೆರೆಯದಂತೆ ಅದರ ವ್ಯಾಕ್ಯೂಮ್ ಪೈಪ್ ಕಳಚಿ, ಪೈಪಿನ ಬಾಯಿ ಮುಚ್ಚಿ, ಐಡಲ್‌ನಲ್ಲಿ ಸ್ಕ್ಯಾನರ್ ನೋಡಿದೆ. ಪ್ರತಿ ಸ್ಟ್ರೋಕಿಗೆ ಸುಮಾರು 450 ಮಿಲಿಗ್ರಾಂ ಗಾಳಿ ತೋರಿಸಿತು. ಏಸಿ ಹಾಕಿ ರೇಡಿಯೇಟರ್ ಫ್ಯಾನ್ ತಿರುಗಿದೊಡನೆ ಅದು 640ಕ್ಕೆ ಜಿಗಿಯಿತು. ಸುಮಾರು 900 ಮೀಟರ್ ಎತ್ತರದ ನಮ್ಮೂರಿನಲ್ಲಿ ಒಂದು ಲೀಟರ್ ಗಾಳಿ ಹೆಚ್ಚುಕಡಿಮೆ 1.06 ಗ್ರಾಂ ತೂಗುತ್ತದೆಯಾದ್ದರಿಂದ, 500 ಸಿಸಿ ಸಿಲಿಂಡರ್ ಪೂರ್ತಿ ತುಂಬಿದರೂ 530 ಮಿಲಿಗ್ರಾಂ ದಾಟುವಂತಿಲ್ಲ. ಐಡಲ್‌ನಲ್ಲಿ ಟರ್ಬೊ ಒತ್ತಡವೂ ನಗಣ್ಯ. ಕಾರನ್ನು ಮಂಗಳೂರಿನ ಕಡಲತೀರಕ್ಕೆ ಒಯ್ದರೂ 640 ಹಿಡಿಸದು! ಆದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯು ಈ ಸುಳ್ಳನ್ನು ನಂಬಿ, ಗಾಳಿ ಹೆಚ್ಚಾಯಿತೆಂದು ಇಜಿಆರ್ ವಾಲ್ವನ್ನು ಇನ್ನಷ್ಟು ತೆರೆಯುತ್ತಿತ್ತು. ನಿಜವಾದ ತಾಜಾ ಗಾಳಿ ಕಡಿಮೆಯಾಗಿ ಹೊಗೆ ಬರುತ್ತಿದ್ದುದು ಹೀಗೆ.

ಇದು ಐದು ಪಿನ್ನಿನ ಅನಲಾಗ್ ಸೆನ್ಸರ್. ಮೂರನೆಯದು ಅರ್ಥಿಂಗ್, ಐದನೆಯದು ಸಿಗ್ನಲ್. ಎಂಜಿನ್ ನಿಲ್ಲಿಸಿ, ಇಗ್ನಿಷನ್ ಮಾತ್ರ ಆನ್ ಮಾಡಿ, ಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್ಸಿಗಿಟ್ಟು ಸಿಗ್ನಲ್ ಅಳೆದಾಗ 1.00 ವೋಲ್ಟ್ ಬಂತು. ಗಾಳಿ ಹರಿಯದಿರುವಾಗ ಅಷ್ಟೇ ಬರಬೇಕು. ಸ್ಕ್ಯಾನರ್ ಮೂಲಕ ಫ್ಯಾನ್ ಓಡಿಸಿದಾಗ ಅದು 1.24 ಆಯಿತು. ಕಪ್ಪು ತಂತಿಯನ್ನು ಸೆನ್ಸರಿನದೇ ಮೂರನೆಯ ಪಿನ್ನಿಗಿಟ್ಟರೆ, ಫ್ಯಾನ್ ಓಡುತ್ತಿದ್ದರೂ 1.00 ಅಲುಗಲಿಲ್ಲ. ಅಂದರೆ ಪಾಪದ ಸೆನ್ಸರ್ ಸರಿಯಾಗಿಯೇ ಇತ್ತು; ಅದು ನಿಂತ ನೆಲವೇ (ಅರ್ಥಿಂಗೇ) 0.24 ವೋಲ್ಟ್ ಮೇಲೇಳುತ್ತಿತ್ತು.

ಅರ್ಥಿಂಗಿನ ಈ ದೋಷ ಹಿಡಿಯಲು ಓಮ್ (ರೋಧದ) ಅಳತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಫ್ಯಾನ್ 20 ಆಂಪಿಯರ್ ಎಳೆಯುವಾಗ ಇಷ್ಟು ವ್ಯತ್ಯಾಸಕ್ಕೆ 0.012 ಓಮ್ ಸಾಕು. ಸಾಧಾರಣ ಮೀಟರಿಗೆ ಅದರ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚು. ಲೋಡ್ ಹಾಕಿ ವೋಲ್ಟೇಜ್ ಡ್ರಾಪ್ ನೋಡುವುದೊಂದೇ ದಾರಿ.

ಬ್ಯಾಟರಿ ಟ್ರೇ ಎತ್ತಿದಾಗ, ಫ್ಯಾನಿನ ಮತ್ತು ಸೆನ್ಸರಿನ ಅರ್ಥಿಂಗ್ ಎರಡೂ ಒಂದೇ ಬೋಲ್ಟಿಗೆ ಬಂದು ಸೇರಿದ್ದುದು ಕಂಡಿತು. ತಂತಿಯ ತುದಿಯ ಲೋಹದ ಬಳೆಯಾದ ಲಗ್ಗಿನ ಕೆಳಗೆ ಹಸಿರುಗಟ್ಟಿದ ಬಿಳಿ ಪುಡಿ ಉಗುರಿಗೆ ಉದುರುತ್ತಿತ್ತು. ಹೊಸದಕ್ಕಾಗಿ 8 ಮಿಲಿಮೀಟರ್ ರಂಧ್ರದ ತಾಮ್ರದ ಲಗ್ ತರಿಸಿದರೆ ಬಂದದ್ದು 6ರದು. ಅಂಗಡಿಯವರಿಗೆ ಫೋನ್ ಮಾಡಿದಾಗ, “ಡ್ರಿಲ್ ಹಾಕ್ಕೊಳ್ಳಿ ಸರ್, ಎಲ್ಲಾ ಒಂದೇ” ಎಂಬ ಉಪದೇಶ ಉಚಿತವಾಗಿ ದೊರೆಯಿತು. ಕೊನೆಗೆ ವಾಹನದ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೇ ಹೋಗಿ ತಂದು, ಬಾಡಿಯ ಲೋಹವನ್ನು ಹೊಳೆಯುವಂತೆ ಉಜ್ಜಿ ಲಗ್ ಕೂರಿಸಿ, ಮೇಲೆ ವ್ಯಾಸಲೀನ್ ಬಳಿದೆ.

ಈಗ ಫ್ಯಾನ್ ಓಡುವಾಗಲೂ ಡ್ರಾಪ್ 0.01 ವೋಲ್ಟ್ ಮಾತ್ರ. ಐಡಲ್‌ನಲ್ಲಿ ಗಾಳಿ 450ರ ಆಸುಪಾಸಿನಲ್ಲೇ ನಿಲ್ಲುತ್ತದೆ. ವಾತಾವರಣದ ಒತ್ತಡ ಮತ್ತು ಉಷ್ಣತೆಯಿಂದ ಸಿಲಿಂಡರಿನ ಗರಿಷ್ಠ ಗಾಳಿಯನ್ನು ಲೆಕ್ಕ ಹಾಕಿ, ಸೆನ್ಸರಿನ ಅಂಕಿ ಅದನ್ನು ಮೀರಿದರೆ ದೀಪ ಹತ್ತಿಸುವ ಪುಟ್ಟ ಬೋರ್ಡೊಂದನ್ನು ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರಿನಲ್ಲಿ ಮಾಡಬೇಕೆಂದಿದ್ದೇನೆ. ಒತ್ತಡದ ಸೆನ್ಸರ್ ಆಗಲೇ ಬಂದಿದೆ. ಅದಕ್ಕೂ ಮೊದಲು, ಇಷ್ಟು ಕಾಲ ಸುಮ್ಮಸುಮ್ಮನೆ ತೆರೆದುಕೊಂಡು ಮಸಿ ಕುಡಿದಿರುವ ಇಜಿಆರ್ ವಾಲ್ವನ್ನೂ ಇನ್‌ಟೇಕ್ ಮ್ಯಾನಿಫೋಲ್ಡನ್ನೂ ಬಿಚ್ಚಿ ಕೆರೆಯಬೇಕು. ಗ್ಯಾಸ್ಕೆಟ್ಟಿಗೆ ಆರ್ಡರ್ ಹಾಕಿದ್ದೇನೆ, ಅಳತೆಯನ್ನು ಮೂರು ಕಡೆ ಬರೆದು.