ಮಿಣುಕುವ ಹಳದಿ ದೀಪ

ನಿನ್ನೆ ಸಕಲೇಶಪುರ ದಾಟುವಾಗ ನಮ್ಮ 2014ರ ಕಾರು ಜರ್ಕ್ ಹೊಡೆಯತೊಡಗಿತು. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿತ್ತು. ಸುಮ್ನೆ ಉರಿಯುತ್ತಿದ್ದರೆ ಊರು ತಲುಪಿ ತೋರಿಸಬಹುದಿತ್ತು. ಮಿಣುಕಿದರೆ ಮಿಸ್‌ಫೈರ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು, ಜಾಸ್ತಿಯಾಗಿದೆ ಅಂತ. ಉರಿಯದ ಪೆಟ್ರೋಲ್ ಹೊಗೆಯ ಜೊತೆ ಹೋಗಿ, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಪಕ್ಕಕ್ಕೆ ಹಾಕಿ ನಿಲ್ಲಿಸಿದೆ.

ಮೆಕ್ಯಾನಿಕ್ ಬಂದು ಸ್ಕ್ಯಾನರ್ ಹಾಕಿದರು. ಪಿ0303 ಅನ್ನೋ ಕೋಡ್ ಬಂತು, ಅಂದರೆ 3ನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಅವರು ತಕ್ಷಣ ಹೊಸ ಪಾರ್ಟ್ ಹಾಕಲಿಲ್ಲ. 3ರ ಇಗ್ನಿಷನ್ ಕಾಯಿಲ್ (ಪ್ಲಗ್‌ನಲ್ಲಿ ಕಿಡಿ ಹಾರಲು ಕರೆಂಟ್ ಕೊಡುವ ಭಾಗ) ತೆಗೆದು 1ಕ್ಕೆ, 1ರದ್ದು 3ಕ್ಕೆ ಹಾಕಿದರು. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದರೆ ಪಿ0301, ಅಂದರೆ ಈಗ 1ನೇ ಸಿಲಿಂಡರ್! ತೊಂದರೆ ಕಾಯಿಲ್ ಜೊತೆಗೇ ಹೋಯಿತು, ಅಲ್ವಾ? ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಮುಟ್ಟಬೇಕಾಗಲಿಲ್ಲ.

ಕೋಡ್ ಎಲ್ಲಿ ನೋವು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಜ್ವರ ಬಂದಾಗ ಹಣೆ ಮುಟ್ಟಿ, ‘ನಿನ್ನೆ ಏನು ತಿಂದೆ?’ ಅಂತ ಕೇಳುತ್ತಿದ್ದ ಅಮ್ಮ ನೆನಪಾದಳು.