ಇಂಗ್ಲಿಷ್ ಬಂದರೆ ಫ್ರೆಂಚ್ ಅರ್ಧ ಬಂದಂತೆಯೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಫ್ರೆಂಚ್ ಕಲಿಯಲು ಹೊರಟವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ: ‘ಹೇಗೂ ಇಂಗ್ಲಿಷ್ ಬರುತ್ತೆ. ಫ್ರೆಂಚ್ ಪುಟ ತೆರೆದರೆ ಅರ್ಧಕ್ಕರ್ಧ ಗೊತ್ತಿರೋ ಪದಗಳೇ ಕಾಣ್ತವೆ. ಇಂಗ್ಲಿಷಿನಂತೆ ಕಂಡು ಬೇರೆ ಅರ್ಥ ಕೊಡೋ ಮೋಸದ ಪದಗಳದ್ದೊಂದು ಪಟ್ಟಿ ಕೊಟ್ಟುಬಿಡಿ, ಬಾಯಿಪಾಠ ಮಾಡ್ಕೋತೀವಿ. ಅಷ್ಟು ಸಾಕಲ್ವಾ?’

ಸಾಲದು. ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ತೊಂದರೆ ಏನೆಂದರೆ, ಪಟ್ಟಿಯಲ್ಲಿ ಎಲ್ಲ ಪದಗಳೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಯಾವುದು ನಾಗರ, ಯಾವುದು ಬರೀ ಕೇರೆ ಹಾವು ಎಂದು ಅದು ಹೇಳುವುದಿಲ್ಲ.

ಕೇರೆಗಳನ್ನು ಮೊದಲು ನೋಡಿ ಮುಗಿಸೋಣ. ಫ್ರೆಂಚಿನಲ್ಲಿ ಬ್ರೆಡ್ಡಿಗೆ ‘ಪ್ಯಾಂ’ ಎನ್ನುತ್ತಾರೆ. ಬರೆದಾಗ ಇಂಗ್ಲಿಷಿನ ‘ಪೇನ್’, ಅಂದರೆ ನೋವು, ಅಕ್ಷರಕ್ಕೆ ಅಕ್ಷರ ಅದೇ. ಹಾಗೆಯೇ ಮೂಲೆ ಎಂಬ ಅರ್ಥದ ‘ಕ್ವಾಂ’ ನಾಣ್ಯದಂತೆ ಕಾಣುತ್ತದೆ, ಮಾಂಸ ಎಂಬ ಅರ್ಥದ ‘ಶೇರ್’ ಕುರ್ಚಿಯಂತೆ, ಒಲೆ ಎಂಬ ಅರ್ಥದ ‘ಫೂರ್’ ನಾಲ್ಕರಂತೆ. ಪಟ್ಟಿ ಮಾಡುವವರಿಗೆ ಇವು ಬಲು ಇಷ್ಟ. ಆದರೆ ಬೇಕರಿಯ ಬಾಗಿಲ ಮೇಲೆ ‘ಪ್ಯಾಂ’ ಎಂದು ಬರೆದಿದ್ದರೆ ಒಳಗೆ ನೋವು ಮಾರುತ್ತಾರೆಂದು ಯಾರೂ ತಿಳಿಯುವುದಿಲ್ಲ. ತಪ್ಪು ಅರ್ಥ ಹಾಕಿದ ಕೂಡಲೇ ವಾಕ್ಯ ಕುಸಿದುಬೀಳುತ್ತದೆ, ನೀವೇ ನಿಘಂಟು ತೆರೆಯುತ್ತೀರಿ. ಇವುಗಳ ಮೇಲೆ ಹತ್ತು ನಿಮಿಷ ಕಳೆದರೂ ಹೆಚ್ಚೇ.

ನಿಜವಾದ ಅಪಾಯ ಇರುವುದು ತಪ್ಪು ಅರ್ಥ ಹಾಕಿದರೂ ವಾಕ್ಯ ನೆಟ್ಟಗೇ ನಿಲ್ಲುವ ಪದಗಳಲ್ಲಿ. ಅಲ್ಲಿ ಓದಿದವರಿಗೂ ಅನುಮಾನ ಬರುವುದಿಲ್ಲ, ಕೇಳಿದವರಿಗೂ ಬರುವುದಿಲ್ಲ.

ಇಂಥ ಪದಗಳಲ್ಲಿ ‘ಎವಾಂತ್ಯುಎಲ್‌ಮಾಂ’ಗೆ ಮೊದಲ ಮಣೆ. ನೋಡಲು ಇಂಗ್ಲಿಷಿನ ‘ಇವೆಂಚುಯಲಿ’ಯ ಅವಳಿ. ಆದರೆ ಇಂಗ್ಲಿಷಿನದು ‘ಕೊನೆಗೆ, ಕೊನೆಗಾದರೂ’ ಎಂದರೆ, ಫ್ರೆಂಚಿನದು ‘ಸಾಧ್ಯವಾದರೆ, ಆದರೂ ಆಗಬಹುದು’. ‘ಝ ಪಾಸ್ರೆ ಎವಾಂತ್ಯುಎಲ್‌ಮಾಂ ವಾಂದ್ರೆದಿ’ ಎಂದು ಯಾರಾದರೂ ಬರೆದರೆ, ‘ಶುಕ್ರವಾರ ಆದ್ರೆ ಬಂದುಹೋಗ್ತೀನಿ’ ಎಂದರ್ಥ. ಇಂಗ್ಲಿಷ್ ಕನ್ನಡಕ ಹಾಕಿಕೊಂಡು ಓದಿದವರು ‘ಅಂತೂ ಶುಕ್ರವಾರ ಬರ್ತಾರೆ’ ಎಂದುಕೊಂಡು ದಿನವಿಡೀ ಬಾಗಿಲು ಕಾಯುತ್ತಾರೆ. ತಿರುಗಿಸಿ ನೋಡಿ, ಇನ್ನೂ ಕೆಟ್ಟದ್ದು. ಬಾಕಿ ಹಣವನ್ನು ಸ್ವಲ್ಪ ತಡವಾಗಿಯಾದರೂ ಕೊಟ್ಟೇ ಕೊಡುತ್ತೇನೆ ಎನ್ನಲು ಹೋಗಿ ಈ ಪದ ಬಳಸಿದರೆ, ಓದಿದವರಿಗೆ ಕೇಳಿಸುವುದು ‘ನೋಡೋಣ, ಕೊಟ್ಟರೂ ಕೊಡಬಹುದು’ ಎಂದು. ಕೊಟ್ಟ ಭರವಸೆ ಉಡಾಫೆಯಾಯಿತು. ಕೊನೆಗೆ ಎನ್ನಲು ಬೇಕಾದದ್ದು ‘ಫಿನಾಲ್‌ಮಾಂ’.

‘ಆಕ್ತ್ಯುಎಲ್‌ಮಾಂ’ ಇದರ ತಮ್ಮ. ಇಂಗ್ಲಿಷಿನ ‘ಆಕ್ಚುಯಲಿ’ ಎಂದರೆ ‘ನಿಜ ಹೇಳಬೇಕೆಂದರೆ’. ಫ್ರೆಂಚಿನದು ‘ಸದ್ಯಕ್ಕೆ, ಈಗ’. ‘ಸದ್ಯಕ್ಕೆ ಅವರು ಲಿಯೋಂನಲ್ಲಿದ್ದಾರೆ’ ಎಂಬ ವಾಕ್ಯವನ್ನು ‘ನಿಜ ಹೇಳಬೇಕೆಂದರೆ ಅವರು ಲಿಯೋಂನಲ್ಲಿದ್ದಾರೆ’ ಎಂದು ಓದಿಕೊಂಡರೂ ಏನೂ ಮುರಿಯುವುದಿಲ್ಲ, ಮುಂದಿನ ತಿಂಗಳು ಅವರು ಅಲ್ಲಿಂದ ಹೊರಡಬಹುದು ಎಂಬ ಸೂಚನೆ ಮಾತ್ರ ಸೋರಿಹೋಗುತ್ತದೆ. ನಿಜಕ್ಕೆ ‘ಆಂ ಫೆತ್’ ಎನ್ನಿ.

ಕಚೇರಿಯ ಪತ್ರಗಳಲ್ಲಿ ಕಚ್ಚುವುದು ‘ದೆಲೆ’. ಇಂಗ್ಲಿಷಿನ ‘ಡಿಲೇ’ಯಂತೆ ಕಾಣುವುದರಿಂದ, ‘15 ದಿನಗಳ ದೆಲೆ’ ಎಂದು ಓದಿದವರು ಕೆಲಸ 15 ದಿನ ತಡವಾಗುತ್ತದೆ ಎಂದುಕೊಂಡು ಸುಮ್ಮನಿರುತ್ತಾರೆ. ಅದು ತಡವಲ್ಲ, ಗಡುವು. 15 ದಿನದೊಳಗೆ ಕಾಗದಪತ್ರ ಕಳಿಸಿ ಎಂದು ಅವರು ಹೇಳುತ್ತಿದ್ದಾರೆ. ಅಂತರ್ಜಾಲದಲ್ಲಿ ಕೊಂಡ ಸರಕನ್ನು ಕಾರಣ ಹೇಳದೆ ಹಿಂದಿರುಗಿಸಲು ಯುರೋಪಿಯನ್ ಒಕ್ಕೂಟದ ಕಾನೂನು ಕೊಡುವ 14 ದಿನಗಳಿಗೂ ಫ್ರೆಂಚಿನಲ್ಲಿ ಇದೇ ಪದ. ತಡಕ್ಕೆ ಬೇರೆ ಪದವಿದೆ, ‘ರತಾರ್’. ರೈಲು ನಿಲ್ದಾಣದ ಫಲಕದಲ್ಲಿ ಬೇಡವೆಂದರೂ ಕಲಿಸುತ್ತಾರೆ.

ಬಾಡಿಗೆ ಮನೆಯ ಕಾಗದದಲ್ಲಂತೂ ಮೂರು ಒಟ್ಟಿಗೇ ಕುಳಿತಿರುತ್ತವೆ. ‘ಲೊಕಾಸಿಯೋಂ’ ಅಂದರೆ ಜಾಗವಲ್ಲ, ಬಾಡಿಗೆಗೆ ಕೊಡುವುದು. ‘ಬಾಯ್’ ಎಂಬುದನ್ನು ಬರೆದಾಗ ಇಂಗ್ಲಿಷಿನ ‘ಬೇಲ್’ ಆಗಿ ಕಾಣುತ್ತದೆ, ಆದರೆ ಅದು ಬಾಡಿಗೆ ಕರಾರು. ‘ಕೊಸಿಯೋಂ’ ಇಂಗ್ಲಿಷಿನ ‘ಕಾಷನ್’ನಂತೆ ಎಚ್ಚರಿಕೆಯಲ್ಲ, ಜಾಮೀನು. ಇಲ್ಲಿ ಕನ್ನಡ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ: ನಾವು ಬಾಡಿಗೆಗೂ ಜಾಮೀನು ನಿಲ್ಲುತ್ತೇವೆ, ಕೋರ್ಟಿನಲ್ಲೂ ಜಾಮೀನು ಪಡೆಯುತ್ತೇವೆ, ಫ್ರೆಂಚರಿಗೂ ಎರಡಕ್ಕೂ ‘ಕೊಸಿಯೋಂ’ ಒಂದೇ. ಅಂದರೆ ಇಂಗ್ಲಿಷಿನ ಬೇಲ್ ಫ್ರೆಂಚಿನಲ್ಲಿ ಕೊಸಿಯೋಂ, ಫ್ರೆಂಚಿನಲ್ಲಿ ಬೇಲ್‌ನಂತೆ ಕಾಣುವುದು ಕರಾರು. ಮಾತಿನಲ್ಲಿ ಮುಂಗಡ ಠೇವಣಿಗೂ ಕೊಸಿಯೋಂ ಎಂದೇ ಹೇಳುತ್ತಾರೆ, ಆದ್ದರಿಂದ ಕೇಳುತ್ತಿರುವುದು ಹಣವನ್ನೋ ಜಾಮೀನು ನಿಲ್ಲುವ ವ್ಯಕ್ತಿಯನ್ನೋ ಎಂದು ವಿಚಾರಿಸಿಕೊಳ್ಳಬೇಕು. ಫ್ರಾನ್ಸಿನಲ್ಲಿ ಆ ಠೇವಣಿಗೆ ಕಾನೂನಿನ ಮಿತಿಯೂ ಇದೆ: ಪೀಠೋಪಕರಣವಿಲ್ಲದ ಮನೆಗೆ ಒಂದು ತಿಂಗಳ ಬಾಡಿಗೆ, ಇರುವ ಮನೆಗೆ ಎರಡು ತಿಂಗಳದು.

ಹೀಗೇಕಾಯಿತು ಎಂಬುದು ಕನ್ನಡಿಗರಿಗೆ ವಿವರಿಸಿ ಹೇಳಬೇಕಾದ ವಿಷಯವೇ ಅಲ್ಲ. ಹಿಂದಿಯ ‘ಉಪನ್ಯಾಸ್’ ಕಾದಂಬರಿ, ನಮ್ಮ ಉಪನ್ಯಾಸ ಭಾಷಣ. ಅವರ ‘ಶಿಕ್ಷಾ’ ವಿದ್ಯೆ, ನಮ್ಮ ಶಿಕ್ಷೆ ದಂಡನೆ. ಇಬ್ಬರೂ ಸಂಸ್ಕೃತದಿಂದ ತಂದರು, ತಂದ ಮೇಲೆ ತಂತಮ್ಮ ದಾರಿ ಹಿಡಿದರು. ಇಂಗ್ಲಿಷ್, ಫ್ರೆಂಚ್‌ಗಳದೂ ಇದೇ ಕಥೆ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ಕುಳಿತಿತು. ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾಯಿದೆ ಬಂದದ್ದು 1362ರಲ್ಲಿ. ಅಷ್ಟು ಹೊತ್ತಿಗೆ ಸಾವಿರಾರು ಪದಗಳು ದಾಟಿಕೊಂಡಿದ್ದವು. ದಾಟಿದ ಮೇಲೆ ಬದಲಾದದ್ದು ಯಾವಾಗಲೂ ಇಂಗ್ಲಿಷೇ ಅಲ್ಲ ಎಂಬುದು ಸ್ವಾರಸ್ಯ. ‘ಲಿಬ್ರೆರಿ’ ಇಂದು ಪುಸ್ತಕದಂಗಡಿ, ಗ್ರಂಥಾಲಯಕ್ಕೆ ‘ಬಿಬ್ಲಿಯೊತೆಕ್’. ಆದರೆ 16ನೇ ಶತಮಾನದ ಲೇಖಕ ಮೊಂತೇನ್ ತನ್ನ ಗೋಪುರದ ಪುಸ್ತಕದ ಕೋಣೆಯನ್ನು ‘ಲಿಬ್ರೆರಿ’ ಎಂದೇ ಕರೆದ. ಹಳೆಯ ಅರ್ಥವನ್ನು ಇಟ್ಟುಕೊಂಡದ್ದು ಇಂಗ್ಲಿಷ್, ಬಿಟ್ಟು ನಡೆದದ್ದು ಫ್ರೆಂಚ್. ಉಪನ್ಯಾಸದ ಮಾತು ಬಂತಲ್ಲ, ಅಲ್ಲೂ ಒಂದು ಗುಂಡಿಯಿದೆ: ಫ್ರೆಂಚಿನ ‘ಲೆಕ್ತ್ಯೂರ್’ ಓದುವುದು. ವೇದಿಕೆಯ ಉಪನ್ಯಾಸಕ್ಕೆ ‘ಕೋಂಫೆರಾಂಸ್’.

ಪರೀಕ್ಷೆಯ ವಿಷಯದಲ್ಲಿ ಆಗುವ ಗೊಂದಲವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಲ್ಲಿ ಒಂದು ಎಳೆದರೆ ಇನ್ನೊಂದು ಬರುತ್ತದೆ. ‘ಪಾಸೆ’ ಎಂದರೆ ಪರೀಕ್ಷೆಗೆ ಕೂರುವುದು, ಅಷ್ಟೆ. ‘ನಿನ್ನೆ ಪರೀಕ್ಷೆ ಪಾಸೆ ಮಾಡಿದೆ’ ಎಂದವರಿಗೆ ಅಭಿನಂದನೆ ಹೇಳಿದರೆ ಅವರು ಮಿಕಿಮಿಕಿ ನೋಡುತ್ತಾರೆ. ಫಲಿತಾಂಶ ಇನ್ನೂ ಬಂದಿಲ್ಲ. ಪಾಸಾಗುವುದಕ್ಕೆ ‘ರೆಯುಸೀರ್’, ಡುಮ್ಕಿ ಹೊಡೆಯುವುದಕ್ಕೆ ‘ರಾತೆ’. ಆ ಪರೀಕ್ಷೆಗೆ ಮುನ್ನ ತರಗತಿಗೆ ಹಾಜರಾಗಬೇಕಲ್ಲ, ಅದಕ್ಕೆ ‘ಅತಾಂದ್ರ್’ ಎಂದೀರಿ, ಇಂಗ್ಲಿಷಿನ ‘ಅಟೆಂಡ್’ ನೆನಪಾಗಿ. ಅದು ಕಾಯುವುದು. ಹಾಜರಾಗಲು ‘ಅಸಿಸ್ತೆ ಆ’ ಎನ್ನಬೇಕು. ಇಂಗ್ಲಿಷಿನವರಿಗೆ ಇದು ಸಹಾಯ ಮಾಡಿದಂತೆ ಕೇಳಿಸುತ್ತದೆ. ಕೊನೆಯ ಆ ‘ಆ’ ಎಂಬ ಪುಟ್ಟ ಪದವೇ ಇಲ್ಲಿ ಕೀಲಿ: ಅದಿಲ್ಲದೆ ನೇರವಾಗಿ ವ್ಯಕ್ತಿಯ ಹೆಸರು ಬಂದರೆ ಅಸಿಸ್ತೆಗೆ ನೆರವಾಗು ಎಂಬ ಅರ್ಥವೂ ಉಂಟು. ದಿನದ ಮಾತಿನಲ್ಲಿ ಸಹಾಯಕ್ಕೆ ‘ಎದೆ’ ಎನ್ನುತ್ತಾರೆ, ನಮ್ಮ ಎದೆಯಲ್ಲ. ಹಾಗಾಗಿ ಕ್ರಿಯಾಪದವನ್ನು ಒಂಟಿಯಾಗಿ ಕಲಿಯಬೇಡಿ. ಅದರ ಬಾಲದ ಸಮೇತ ಕಲಿಯಿರಿ.

ಪದ ನಿಲ್ಲುವ ಜಾಗವೂ ಅರ್ಥ ಬದಲಿಸುತ್ತದೆ. ‘ಪ್ರೊಪ್ರ್’ ನಾಮಪದಕ್ಕೆ ಮೊದಲು ಬಂದರೆ ಸ್ವಂತ, ಆಮೇಲೆ ಬಂದರೆ ಶುಚಿ. ‘ಮಾ ಪ್ರೊಪ್ರ್ ಶಾಂಬ್ರ್’ ನನ್ನ ಸ್ವಂತ ಕೋಣೆ. ‘ಮಾ ಶಾಂಬ್ರ್ ಪ್ರೊಪ್ರ್’ ನನ್ನ ಚೊಕ್ಕಟವಾದ ಕೋಣೆ. ಇಂಗ್ಲಿಷಿನ ‘ಪ್ರಾಪರ್’ ಎರಡೂ ಕಡೆ ನಿಮ್ಮ ನೆರವಿಗೆ ಬರುವುದಿಲ್ಲ.

ಮುಜುಗರ ತರುವವುಗಳೂ ಇವೆ, ಆದರೆ ಅವುಗಳ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಜಾಮ್‌ನಲ್ಲಿ ‘ಪ್ರೆಜ಼ೆರ್ವಾತೀಫ್’ ಇದೆಯೇ ಎಂದು ಕೇಳಿದರೆ ಕಾಂಡೋಮ್ ಇದೆಯೇ ಎಂದು ಕೇಳಿದಂತೆ. ಆಹಾರ ಕೆಡದಂತೆ ಹಾಕುವುದು ‘ಕೋಂಸೆರ್ವಾತರ್’. ಊಟದ ನಂತರ ಹೆಂಗಸೊಬ್ಬರು ಹೊಟ್ಟೆ ತುಂಬಿತು ಎನ್ನಲು ‘ಪ್ಲೆನ್’ ಎಂದರೆ ಗಬ್ಬದ ಹಸುವಿಗೆ ಹೇಳುವ ಮಾತನ್ನು ತಮಗೇ ಹೇಳಿಕೊಂಡಂತೆ. ಎದುರಿನವರು ನಕ್ಕುಬಿಡುತ್ತಾರೆ, ತಪ್ಪು ಅಲ್ಲೇ ತಿದ್ದಿಹೋಗುತ್ತದೆ, ಮತ್ತೆ ಜನ್ಮದಲ್ಲಿ ಮರೆಯುವುದಿಲ್ಲ. ಯಾರೂ ನಗದ ತಪ್ಪುಗಳೇ ವರ್ಷಗಟ್ಟಲೆ ಉಳಿಯುವುದು.

ಹಾಗಾದರೆ ಕಲಿಯುವುದು ಹೇಗೆ? ಇಂಗ್ಲಿಷಿನ ಮೆಟ್ಟಿಲನ್ನು ತೆಗೆದುಹಾಕಿ, ಫ್ರೆಂಚ್ ಪದವನ್ನು ನೇರವಾಗಿ ಕನ್ನಡಕ್ಕೆ ಕಟ್ಟಿ. ಅಭಿಮಾನಕ್ಕೆ ಹೇಳುತ್ತಿಲ್ಲ. ಫ್ರೆಂಚ್ ‘ರೆಸ್ತೆ’ಯನ್ನೇ ನೋಡಿ. ಇಂಗ್ಲಿಷಿನ ಮೂಲಕ ಹೋದರೆ ವಿಶ್ರಾಂತಿಗೆ ತಲುಪುತ್ತೀರಿ, ತಪ್ಪು. ಕನ್ನಡದ ‘ಉಳಿ’ ಅದರ ತದ್ರೂಪು: ಹೋಟೆಲಿನಲ್ಲೇ ಉಳಿಯುತ್ತೇನೆ, ಎರಡು ಟಿಕೆಟ್ ಉಳಿದಿವೆ, ಎರಡಕ್ಕೂ ‘ರೆಸ್ತೆ’. ‘ದ್‌ಮಾಂದೆ’ ಇಂಗ್ಲಿಷಿನ ‘ಡಿಮ್ಯಾಂಡ್’ನಂತೆ ಪಟ್ಟು ಹಿಡಿದು ಕೇಳುವುದಲ್ಲ, ಬರೀ ‘ಕೇಳು’. ದಾರಿ ಕೇಳಿದರೂ ಅದೇ, ನೀರು ಕೇಳಿದರೂ ಅದೇ. ಇದು ಗೊತ್ತಿಲ್ಲದವರಿಗೆ ಫ್ರೆಂಚಿನ ಸಭ್ಯ ಪತ್ರವೂ ಬೆದರಿಕೆಯಂತೆ ಕೇಳಿಸುತ್ತದೆ. ‘ಸಾಂಸೀಬ್ಲ್’ ಎಂದರೆ ವಿವೇಕಿಯಲ್ಲ, ನಮ್ಮ ‘ಸೂಕ್ಷ್ಮ’: ಸೂಕ್ಷ್ಮ ಚರ್ಮ, ಸೂಕ್ಷ್ಮ ಮನಸ್ಸು.

ಒಂದು ಎಚ್ಚರ: ನಮ್ಮ ನಾಲಿಗೆಯ ಮೇಲಿರುವ ಕನ್ನಡದಲ್ಲೇ ಲೈಬ್ರರಿ, ಲೆಕ್ಚರ್, ಪಾಸು, ಡಿಮ್ಯಾಂಡು ಸೇರಿಕೊಂಡಿವೆ. ಪದ ನೆನಪಿಡಲು ಚೀಟಿ ಬರೆದಿಟ್ಟುಕೊಳ್ಳುವಾಗ ಅವನ್ನು ಬಳಸಿದರೆ ಹಾವನ್ನು ಮನೆಯೊಳಗೆ ಬಿಟ್ಟುಕೊಂಡಂತೆ. ಒಂದು ಬದಿಯಲ್ಲಿ ಫ್ರೆಂಚ್ ಪದ ಬೇಡ, ಇಡೀ ವಾಕ್ಯ ಬರೆಯಿರಿ. ಹಿಂದೆ ಅಚ್ಚ ಕನ್ನಡದ ಅರ್ಥ, ಅದರ ಕೆಳಗೆ ಆ ಇಂಗ್ಲಿಷ್ ಅವಳಿಯ ಅರ್ಥಕ್ಕೆ ಫ್ರೆಂಚರು ಬಳಸುವ ಪದ. ‘ರೆಸ್ತೆ’ಯ ಚೀಟಿಯ ಹಿಂದೆ ವಿಶ್ರಾಂತಿಯ ‘ಸ ರ್‌ಪೊಜ಼ೆ’ಯೂ ಇರಲಿ. ಇಲ್ಲದಿದ್ದರೆ ಬಳಸಬಾರದ ಪದ ಗೊತ್ತು, ಬಳಸಬೇಕಾದ್ದು ಗೊತ್ತಿಲ್ಲ ಎಂಬ ಸ್ಥಿತಿ. ಮೊದಲ ವರ್ಷಕ್ಕೆ ಇಂಥ ಮೂವತ್ತು ಜೋಡಿ ಸಾಕು. ಇನ್ನು ಓದುವಾಗ, ಅರ್ಥವಾಗದ ಪದಕ್ಕೆ ಎಲ್ಲರೂ ಗೆರೆ ಎಳೆಯುತ್ತಾರೆ; ವಾರಕ್ಕೊಮ್ಮೆ ಒಂದು ಪುಟದಲ್ಲಿ ಅದನ್ನು ತಿರುವುಮುರುವು ಮಾಡಿ. ಇಂಗ್ಲಿಷಿನಿಂದಾಗಿ ಥಟ್ಟನೆ ಅರ್ಥವಾದ ಪದಗಳಿಗೇ ಗೆರೆ ಎಳೆದು, ಅವನ್ನು ಮಾತ್ರ ನಿಘಂಟಿನಲ್ಲಿ ನೋಡಿ. ಹಾವುಗಳು ಅಲ್ಲಿರುತ್ತವೆ.

ಅಂಕಿಗಳಲ್ಲೂ ಇವೆ, ಮತ್ತು ಅಲ್ಲಿ ಸಾವಿರ ಪಟ್ಟಿನ ವ್ಯತ್ಯಾಸ. ಇಂದಿನ ಇಂಗ್ಲಿಷಿನ ‘ಬಿಲಿಯನ್’ 100 ಕೋಟಿ; ಬ್ರಿಟನ್ ಸರ್ಕಾರವೂ 1974ರಿಂದ ಆ ಲೆಕ್ಕಕ್ಕೇ ಬಂದಿತು. ಫ್ರಾನ್ಸಿನಲ್ಲಿ 1961ರ ಆದೇಶದ ಪ್ರಕಾರ ‘ಬಿಲಿಯೋಂ’ ಎಂದರೆ 1 ಲಕ್ಷ ಕೋಟಿ. ನೂರು ಕೋಟಿಗೆ ‘ಮಿಲಿಯಾರ್’. ಫ್ರೆಂಚರು ದಶಮಾಂಶಕ್ಕೆ ಅಲ್ಪವಿರಾಮ ಹಾಕುವುದರಿಂದ 1,500 ಎಂದು ಕಂಡರೆ ಅದು ಒಂದೂವರೆ ಸಾವಿರವಲ್ಲ, ಬರೀ ಒಂದೂವರೆ. ಪೆಟ್ರೋಲ್ ಬಂಕಿನಲ್ಲಿ ನಿಮಗೆ ಬೇಕಾದ್ದು ‘ಎಸಾಂಸ್’. ‘ಪೆತ್ರೋಲ್’ ಎಂದರೆ ಕಚ್ಚಾ ತೈಲ. ಪ್ಯಾರಿಸಿನ ‘ಒತೆಲ್ ದ ವಿಲ್’ನಲ್ಲಿ ಕೋಣೆ ಸಿಗುವುದಿಲ್ಲ, ಅದು ನಗರಾಡಳಿತದ ಕಟ್ಟಡ, ನೋತ್ರ್ ದಾಮ್ ಪಕ್ಕದ ‘ಒತೆಲ್ ದ್ಯೂ’ನಲ್ಲಿ ಹಾಸಿಗೆ ಸಿಗಬಹುದು, ಆದರೆ ಅದು ಆಸ್ಪತ್ರೆ.

ಈ ಸುಳ್ಳು ಗೆಳೆಯರಿಗೆ ಫ್ರೆಂಚಿನಲ್ಲಿ ‘ಫೋಜ಼ಾಮಿ’ ಎನ್ನುತ್ತಾರೆ. 1928ರಲ್ಲಿ ಕೊಸ್ಲೆರ್ ಮತ್ತು ದೆರೊಕಿಞಿ ಎಂಬಿಬ್ಬರು ಈ ಹೆಸರು ಕೊಟ್ಟದ್ದು ಫ್ರೆಂಚರಿಗಾಗಿ, ಅವರನ್ನು ಎಡವಿಸುವ ಇಂಗ್ಲಿಷ್ ಪದಗಳ ಬಗ್ಗೆ ಬರೆಯುವಾಗ. ಅಂದಿನಿಂದ ಕೆಲವರು ನಿಜವಾದ ಗೆಳೆಯರಾಗುತ್ತಲೂ ಇದ್ದಾರೆ. ‘ರೆಆಲಿಜ಼ೆ’ ಎಂದರೆ ಮೂಲತಃ ಕೈಗೂಡಿಸುವುದು, ಮಾಡಿ ಮುಗಿಸುವುದು. ಇಂಗ್ಲಿಷಿನ ಪ್ರಭಾವದಿಂದ ಈಗ ‘ಅರಿವಾಗು’ ಎಂಬ ಅರ್ಥದಲ್ಲೂ ಎಲ್ಲೆಡೆ ಕೇಳಿಸುತ್ತದೆ, ಮಡಿವಂತರು ಮುಖ ಸಿಂಡರಿಸುತ್ತಾರೆ. ಕೇಳುವಾಗ, ಓದುವಾಗ ಎರಡೂ ಅರ್ಥಕ್ಕೆ ಸಿದ್ಧರಿರಿ. ಪರೀಕ್ಷೆಯಲ್ಲೋ ಅರ್ಜಿಯಲ್ಲೋ ನೀವೇ ಬರೆಯುವಾಗ ಮಾತ್ರ ‘ಸ ರಾಂದ್ರ್ ಕೋಂತ್’ ಎಂದೇ ಬರೆಯಿರಿ. ಅದನ್ನು ಯಾರೂ ಕೆಂಪು ಶಾಯಿಯಲ್ಲಿ ಸುತ್ತುವುದಿಲ್ಲ.