ಮೊಳೆ ಆರಿಸುವಾಗ ಉದ್ದಕ್ಕಿಂತ ಮೊದಲು ನೋಡಬೇಕಾದದ್ದು

ಜೋಡಣೆ ಸಡಿಲವಾದ ಕೂಡಲೇ ‘ಇನ್ನೂ ಉದ್ದದ ಮೊಳೆ ಹೊಡಿ’ ಅನ್ನುವ ಸಲಹೆ ಬರುತ್ತದೆ. ಬಹಳ ಸಲ ತೊಂದರೆ ಉದ್ದದಲ್ಲಿರುವುದಿಲ್ಲ, ಭಾರ ಬೀಳುವ ದಿಕ್ಕಿನಲ್ಲಿರುತ್ತದೆ. ಅಡ್ಡಲಾಗಿ ಬೀಳುವ ಭಾರವನ್ನು ಮೊಳೆ ಚೆನ್ನಾಗಿ ತಾಳುತ್ತದೆ. ಹೊಡೆದ ದಾರಿಯಲ್ಲೇ ಹಿಂದಕ್ಕೆ ಎಳೆದರೆ ಕಿತ್ತು ಬರುತ್ತದೆ. ಹಾಗಾಗಿ ಕೆಳಗೆ ತೂಗುವ ಹಲಗೆಗೆ ಮೊಳೆಯೇ ಬೇಡ, ಸ್ಕ್ರೂ ಹಾಕಿ.

ಉದ್ದಕ್ಕೆ ಲೆಕ್ಕ ಸರಳ: ಮೇಲಿನ ತೆಳು ಹಲಗೆಯ ದಪ್ಪದ ಸುಮಾರು ಮೂರು ಪಟ್ಟು. 18 ಮಿ.ಮೀ. ಹಲಗೆಗೆ 50 ಮಿ.ಮೀ. ಮೊಳೆ ಸಾಕು, 32 ಮಿ.ಮೀ. ಕೆಳಗಿನ ಮರದೊಳಗೆ ಇಳಿಯುತ್ತದೆ. ಆದರೆ ಕೆಳಗಿನ ಚೌಕಟ್ಟು 30 ಮಿ.ಮೀ. ಮಾತ್ರ ಇದ್ದರೆ ಅದೇ ಮೊಳೆಯ ಮೊನೆ ಆ ಕಡೆ ಇಣುಕುತ್ತದೆ. ಅಲ್ಲಿ 40ಕ್ಕೆ ಇಳಿದು, ಮೈಮೇಲೆ ಬಳೆಬಳೆಯಾಗಿ ಗೀರಿರುವ ರಿಂಗ್ ಮೊಳೆ ಬಳಸಿ. ಗೀರುಗಳ ನಡುವೆ ಮರದ ನಾರು ಕಚ್ಚಿಕೊಳ್ಳುವುದರಿಂದ ಉದ್ದ ಕಡಿಮೆಯಾದರೂ ಹಿಡಿತ ಉಳಿಯುತ್ತದೆ. ಕಿತ್ತು ಮತ್ತೆ ಹೊಡೆಯುವ ತಾತ್ಕಾಲಿಕ ಕೆಲಸಕ್ಕೆ ಮಾತ್ರ ರಿಂಗ್ ಮೊಳೆ ಬೇಡ, ತೆಗೆಯುವಾಗ ಮರವೇ ಹರಿದು ಬರುತ್ತದೆ.

ಹಲಗೆಯ ಕೊಯ್ದ ತುದಿಗೆ, ಅಂದರೆ ಎಳೆಯ ಜಾಡಿನಲ್ಲೇ ಇಳಿಯುವಂತೆ ಹೊಡೆದ ಮೊಳೆಗೆ ಹಿಡಿತ ತೀರಾ ಕಡಿಮೆ. ಬೇರೆ ದಾರಿ ಇಲ್ಲದಿದ್ದರೆ ಎರಡು ಮೊಳೆಗಳನ್ನು ಒಂದಕ್ಕೊಂದು ಎದುರು ಓರೆಯಾಗಿ ಹೊಡೆಯಿರಿ.

ಇನ್ನು ಸೀಳುವ ವಿಚಾರ. ಹೆಚ್ಚು ಮರ ಹಾಳಾಗುವುದು ಇಲ್ಲೇ. ಚೂಪು ಮೊನೆ ಎಳೆಗಳನ್ನು ಎರಡೂ ಕಡೆಗೆ ತಳ್ಳುತ್ತದೆ. ಅಂಚಿನ ಹತ್ತಿರ ತಡೆಯಲು ಮರ ಇಲ್ಲದ್ದರಿಂದ ಬಿರುಕು ಓಡುತ್ತದೆ. ಮೊಳೆಯನ್ನು ಕಬ್ಬಿಣದ ಮೇಲೆ ತಲೆಕೆಳಗಾಗಿ ಹಿಡಿದು ಮೊನೆಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು ಮೊಂಡು ಮಾಡಿ. ಮೊಂಡು ಮೊನೆ ನಾರನ್ನು ಸೀಳದೆ ಜಜ್ಜಿಕೊಂಡು ಹೋಗುತ್ತದೆ. ಗಟ್ಟಿ ಮರಕ್ಕೆ ಇಷ್ಟು ಸಾಲದು: ಮೊಳೆಯ ದಪ್ಪದ ಮುಕ್ಕಾಲು ಭಾಗದಷ್ಟು ಬಿಟ್‌ನಿಂದ ಮೊದಲೇ ತೂತು ಕೊರೆಯಬೇಕು, 3 ಮಿ.ಮೀ. ಮೊಳೆಗೆ 2ರಿಂದ 2.5 ಮಿ.ಮೀ. ಬಿಟ್. ತೂತು ಮೊಳೆಯಷ್ಟೇ ದಪ್ಪವಾದರೆ ಹಿಡಿತವೇ ಇರದು. ಸಾಲಾಗಿ ಹೊಡೆಯುವಾಗ ಎಲ್ಲವೂ ಒಂದೇ ಎಳೆಯ ಮೇಲೆ ಬೀಳದಂತೆ ಹಿಂದೆಮುಂದೆ ಮಾಡಿ. ಪ್ಲೈವುಡ್‌ನ ಅಂಚಿಗೆ ದಪ್ಪ ಮೊಳೆ ಹೊಡೆದರೆ ಪದರಗಳೇ ಬಿಟ್ಟುಕೊಳ್ಳುತ್ತವೆ.

ಹಸಿ ಮರಕ್ಕೆ ಹೊಡೆದ ಮೊಳೆ ಇಂದು ಬಿಗಿ, ಮರ ಒಣಗಿ ಕುಗ್ಗಿದ ಮೇಲೆ ತಲೆ ಎತ್ತುತ್ತದೆ. ಸುತ್ತಿಗೆಯದ್ದೇನೂ ತಪ್ಪಿಲ್ಲ.

ಮಳೆಗೆ ಒಡ್ಡುವ ಕೆಲಸಕ್ಕೆ ಹೊಳೆಯುವ ತೆಳು ಲೇಪದ ಮೊಳೆ ನಂಬಬೇಡಿ. ಕರಗಿದ ಸತುವಿನಲ್ಲಿ ಅದ್ದಿದ, ಮಾಸಲು ಬೂದು ಬಣ್ಣದ ಒರಟು ಮೊಳೆಯ ಲೇಪ ದಪ್ಪ, ಅದೇ ಬಾಳಿಕೆ ಬರುತ್ತದೆ. ಓಕ್‌ನಂಥ, ಟ್ಯಾನಿನ್ (ಮರದಲ್ಲಿರುವ ಒಗರು ಅಂಶ) ಹೆಚ್ಚಿರುವ ಮರಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಮೊಳೆಯೇ ಸರಿ. ಸಾದಾ ಕಬ್ಬಿಣದ ಸುತ್ತ ತೇವ ಸೇರಿದರೆ ಮರ ಕಪ್ಪಾಗುತ್ತದೆ.

ಬೀಡಿಂಗ್‌ಗೆ, ಅಂದರೆ ಅಂಚಿಗೆ ಕೂರಿಸುವ ತೆಳು ಮರದ ಪಟ್ಟಿಗೆ, ಸಣ್ಣ ತಲೆಯ ಮೊಳೆ ಸಾಕು. ತಲೆಯ ಮೇಲೆ ಪಂಚ್ (ಮೊಂಡು ತುದಿಯ ಉಕ್ಕಿನ ಕಡ್ಡಿ) ಇಟ್ಟು 1–2 ಮಿ.ಮೀ. ಒಳಗಿಳಿಸಿ ಪುಟ್ಟಿ ತುಂಬಿ. ಮೊಳೆ ಗನ್ನಿನಲ್ಲಿ ಗೇಜ್ (ಮೊಳೆಯ ದಪ್ಪ ಸೂಚಿಸುವ ಅಳತೆ) ಸಂಖ್ಯೆ ಏರಿದಷ್ಟೂ ಮೊಳೆ ತೆಳು: 18 ಗೇಜ್ ಸುಮಾರು 1.2 ಮಿ.ಮೀ., 16 ಗೇಜ್ ಸುಮಾರು 1.6. ಈ ತೆಳು ಮೊಳೆಗಳು ಗಂಟಿಗೆ ತಗಲಿದರೆ ಒಳಗೇ ಬಾಗಿ ಪಕ್ಕದಿಂದ ಹೊರಬರುತ್ತವೆ. ಹಲಗೆ ಹಿಡಿದ ಬೆರಳು ಮೊಳೆಯ ಉದ್ದಕ್ಕಿಂತ ದೂರವಿರಲಿ.